ಗಡಿಯಾರ ಎಷ್ಟು ತಪ್ಪಿದೆ? ತಿದ್ದುವ ಮುನ್ನ ಬರೆದಿಟ್ಟುಕೊಳ್ಳಿ

ಕಂಪ್ಯೂಟರ್ ಆನ್ ಮಾಡಿದೊಡನೆ ಪರದೆಯ ಮೂಲೆಯಲ್ಲಿ ತಪ್ಪು ಸಮಯ ಕಂಡರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಅದರ ಮೇಲೆ ಕ್ಲಿಕ್ಕಿಸಿ, ಸರಿಯಾದ ಗಂಟೆ ಹಾಕಿ, ಕೆಲಸಕ್ಕೆ ಕೂತುಬಿಡುತ್ತಾರೆ. ಮರುದಿನ ಮತ್ತೆ ಅದೇ ಕತೆ. ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಗಡಿಯಾರ ತಿದ್ದಿಕೊಂಡೇ ಕಾಲ ಹಾಕುವವರಿದ್ದಾರೆ. ನನ್ನ ಸಲಹೆ ಇದಕ್ಕೆ ತಿರುಗುಮುರುಗು. ತಪ್ಪು ಕಂಡ ತಕ್ಷಣ ಅದನ್ನು ಮುಟ್ಟಬೇಡಿ. ಒಂದು ಚೀಟಿ ತಗೊಂಡು ಎರಡು ಸಾಲು ಬರೆಯಿರಿ: ಕಂಪ್ಯೂಟರ್ ತೋರಿಸುತ್ತಿರುವ ದಿನಾಂಕ ಮತ್ತು ಸಮಯ, ಅದರ ಕೆಳಗೆ ಮೊಬೈಲ್ ತೋರಿಸುತ್ತಿರುವ ದಿನಾಂಕ ಮತ್ತು ಸಮಯ. ಎರಡನ್ನೂ ಕಳೆಯಿರಿ. ದೋಷ ಎಲ್ಲಿದೆ ಎಂಬುದನ್ನು ಮುಕ್ಕಾಲು ಪಾಲು ಆ ವ್ಯತ್ಯಾಸವೇ ಹೇಳಿಬಿಡುತ್ತದೆ. ಮೊದಲೇ ತಿದ್ದಿಬಿಟ್ಟರೆ ಸಾಕ್ಷ್ಯ ಅಳಿಸಿದಂತೆ.

ವ್ಯತ್ಯಾಸ ವರ್ಷಗಳ ಲೆಕ್ಕದಲ್ಲಿದ್ದರೆ ಮದರ್‌ಬೋರ್ಡಿನ ಬ್ಯಾಟರಿ ಮುಗಿದಿದೆ. ಸರಿಯಾಗಿ ಐದೂವರೆ ಗಂಟೆ ಇದ್ದರೆ ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇವೆಯೇ ನೋಡಿ. ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದಿದ್ದರೆ ಕಂಪ್ಯೂಟರ್ ತಾನಿನ್ನೂ ಕ್ಯಾಲಿಫೋರ್ನಿಯಾದಲ್ಲೇ ಇದ್ದೇನೆ ಎಂದುಕೊಂಡಿದೆ. ರಾತ್ರಿ ಯಂತ್ರ ಎಷ್ಟು ಹೊತ್ತು ಆಫ್ ಆಗಿತ್ತೋ ಅಷ್ಟೇ ಹೊತ್ತು ಹಿಂದೆ ಬಿದ್ದಿದ್ದರೆ ಬ್ಯಾಟರಿ ಕೊನೆಯುಸಿರು ಎಳೆಯುತ್ತಿದೆ. ನಾಲ್ಕೈದು ನಿಮಿಷದ ತಪ್ಪಾದರೆ ಬೋರ್ಡಿನಲ್ಲಿ ಕೆಟ್ಟದ್ದು ಏನೂ ಇಲ್ಲ, ಇಂಟರ್ನೆಟ್ ಸಮಯದ ಜೊತೆ ತಾಳೆ ಹಾಕುವ ಕೆಲಸ ನಿಂತುಹೋಗಿದೆ. ಸರಿಯಾಗಿ ಹನ್ನೆರಡು ಗಂಟೆಯ ತಪ್ಪಾಗಿದ್ದರೆ ಯಾರೋ ಕೈಯಲ್ಲಿ ತಿದ್ದುವಾಗ ಎಎಂ, ಪಿಎಂ ಅದಲುಬದಲು ಮಾಡಿದ್ದಾರೆ. ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಗಡಿಯಾರ ತಪ್ಪಿದರೆ ಏನು ಮಹಾ, ಗೋಡೆಯ ಮೇಲೆ ಇನ್ನೊಂದು ಇದೆಯಲ್ಲ ಎನ್ನಬಹುದು. ತೊಂದರೆ ಶುರುವಾಗುವುದು ಬ್ರೌಸರಿನಲ್ಲಿ. ಬ್ಯಾಂಕ್ ಇರಲಿ, ಸರ್ಕಾರಿ ಪೋರ್ಟಲ್ ಇರಲಿ, ಪ್ರತಿ ಸುರಕ್ಷಿತ ವೆಬ್‌ಸೈಟಿಗೂ ಒಂದು ಪ್ರಮಾಣಪತ್ರ ಇರುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಮಾನ್ಯ ಎಂದು ಬರೆದಿರುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುತ್ತ ಬಂದಿರುವ ಪ್ರಮಾಣಪತ್ರಗಳ ಆಯಸ್ಸು 90 ದಿನ. ನಿಮ್ಮ ಯಂತ್ರ 2009ರಲ್ಲಿ ಕೂತಿದ್ದರೆ ಅದರ ಪಾಲಿಗೆ ಆ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ. ಹಾಗಾಗಿ ಒಂದು ಸೈಟೂ ತೆರೆಯುವುದಿಲ್ಲ, ಗಡಿಯಾರ ಹಿಂದಿದೆ ಎಂಬ ಎಚ್ಚರಿಕೆ ಬರುತ್ತದೆ. ಅರ್ಜಿ ಹಾಕುವ ಕೊನೆಯ ದಿನ ಸೈಬರ್ ಸೆಂಟರಿನಲ್ಲಿ ನೆಟ್ ಬಂದಿಲ್ಲ ಎಂದು ಹೇಳಿಸಿಕೊಂಡು ವಾಪಸ್ ಬಂದವರಲ್ಲಿ ಕೆಲವರ ಸಮಸ್ಯೆ ನೆಟ್ಟಿನದಾಗಿರಲಿಕ್ಕಿಲ್ಲ. ಲೆಕ್ಕಪತ್ರದವರು ಬಳಸುವ ಡಿಜಿಟಲ್ ಸಹಿಯ ಟೋಕನ್‌ಗೂ ಇದೇ ಗತಿ. ಎರಡು ಹಂತದ ಲಾಗಿನ್‌ಗೆ ಬರುವ ಆರಂಕಿಯ ಕೋಡ್ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಆ ಕೋಡ್ ಕೊಡುವ ಆ್ಯಪ್ ಇರುವ ಸಾಧನದ ಗಡಿಯಾರ ಎರಡು ಮೂರು ನಿಮಿಷ ಆಚೀಚೆಯಾದರೂ ಕೋಡ್ ತಪ್ಪು ಎನಿಸಿಕೊಳ್ಳುತ್ತದೆ.

ಒಳಗಿರುವುದು ಎರಡು ಗಡಿಯಾರ

1981ರ ಮೊದಲ ಐಬಿಎಂ ಪಿಸಿಯಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರ ಇರಲಿಲ್ಲ. ಆನ್ ಮಾಡಿದಾಗಲೆಲ್ಲ ಡಾಸ್ ದಿನಾಂಕ ಕೇಳುತ್ತಿತ್ತು, ಸಮಯ ಕೇಳುತ್ತಿತ್ತು. ಕೈಗಡಿಯಾರ ನೋಡಿ ಟೈಪ್ ಮಾಡಬೇಕಿತ್ತು. 1984ರಲ್ಲಿ ಬಂದ ಪಿಸಿ ಎಟಿ ಮಾದರಿಯಲ್ಲಿ ಮೊಟೊರೊಲಾ ಕಂಪನಿಯ ಎಂಸಿ146818 ಎಂಬ ಚಿಪ್ಪನ್ನು ಕೂರಿಸಿ, ಪಕ್ಕದಲ್ಲಿ ಬ್ಯಾಟರಿ ಇಟ್ಟರು. ಇವತ್ತಿಗೆ ಆ ಚಿಪ್ಪು ಬೇರೆ ದೊಡ್ಡ ಚಿಪ್ಪಿನ ಹೊಟ್ಟೆಯೊಳಗೆ ಸೇರಿಹೋಗಿದೆ, ಆದರೆ ಏರ್ಪಾಟು ಹೆಚ್ಚುಕಮ್ಮಿ ಅದೇ. ಅದನ್ನು ಆರ್‌ಟಿಸಿ ಎನ್ನುತ್ತಾರೆ. ಸೆಕೆಂಡಿಗೆ 32,768 ಸಲ ಕಂಪಿಸುವ ಪುಟ್ಟ ಸ್ಫಟಿಕವೊಂದು ಅದಕ್ಕೆ ತಾಳ ಹಾಕುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತದೆ. ಅದಕ್ಕಾಗಿಯೇ ಆ ಸಂಖ್ಯೆ. ಗೋಡೆಯ ಕ್ವಾರ್ಟ್ಜ್ ಗಡಿಯಾರದಲ್ಲಿರುವುದೂ ಇಂಥದೇ ಸ್ಫಟಿಕ.

ಎರಡನೆಯದು ವಿಂಡೋಸ್ ಅಥವಾ ಲಿನಕ್ಸ್ ತಾನೇ ಎಣಿಸಿಕೊಂಡು ಹೋಗುವ ಗಡಿಯಾರ. ಬೂಟ್ ಆಗುವಾಗ ಅದು ಆರ್‌ಟಿಸಿಯನ್ನು ಒಮ್ಮೆ ನೋಡಿ, ಅಲ್ಲಿಂದ ಮುಂದಕ್ಕೆ ಪ್ರೊಸೆಸರಿನ ಟೈಮರ್ ನಂಬಿಕೊಂಡು ಸ್ವಂತ ಲೆಕ್ಕ ನಡೆಸುತ್ತದೆ. ಮೂಲೆಯಲ್ಲಿ ಕಾಣುವುದು ಈ ಎರಡನೆಯದು. ಆದ್ದರಿಂದ ಬೂಟ್ ಆದ ಕೂಡಲೇ ತಪ್ಪಿದ್ದರೆ ಒಂದೋ ಮೊದಲ ಗಡಿಯಾರವೇ ತಪ್ಪಿದೆ, ಇಲ್ಲವೇ ಅದು ಹೇಳಿದ್ದನ್ನು ಎರಡನೆಯದು ತಪ್ಪಾಗಿ ಅರ್ಥ ಮಾಡಿಕೊಂಡಿದೆ.

ಯಾವುದು ಎಂದು ತಿಳಿಯುವುದು ಸುಲಭ. ಯಂತ್ರ ಆನ್ ಮಾಡಿ, ಲೋಗೊ ಬರುವಾಗಲೇ ಯಂತ್ರದ ಮೂಲ ಸೆಟ್ಟಿಂಗ್ ಇರುವ ಬಯಾಸ್ ಒಳಗೆ ಹೋಗಿ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಡಿಲೀಟ್ ಅಥವಾ ಎಫ್2 ಕೀ, ಎಚ್‌ಪಿಯಲ್ಲಿ ಎಫ್10, ಲೆನೊವೊದ ಹಲವು ಮಾದರಿಗಳಲ್ಲಿ ಎಫ್1 ಅಥವಾ ಎಫ್2. ಮೊದಲ ಪುಟದಲ್ಲೇ ದಿನಾಂಕ, ಸಮಯ ಇರುತ್ತದೆ. ವಿಂಡೋಸ್ ಇನ್ನೂ ಎದ್ದಿಲ್ಲ, ಇಂಟರ್ನೆಟ್ ಇಲ್ಲ. ಅಲ್ಲಿ ಕಾಣುವುದು ಆರ್‌ಟಿಸಿಯ ಸ್ವಂತ ಮಾತು. ಅದನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಅಲ್ಲಿ ವರ್ಷವೇ ತಪ್ಪಿದ್ದರೆ ವಿಂಡೋಸ್ ನಿರಪರಾಧಿ. ಒಂದು ಎಚ್ಚರ: ಬಯಾಸ್ ಪುಟದಲ್ಲಿ ಬಹಳ ಸಲ ಅಮೆರಿಕದ ಪದ್ಧತಿಯಂತೆ ಮೊದಲು ತಿಂಗಳು, ಆಮೇಲೆ ದಿನ ಇರುತ್ತದೆ, ಗಂಟೆ 24ರ ಲೆಕ್ಕದಲ್ಲಿರುತ್ತದೆ. ಜೂನ್ 5ನ್ನು ಹಾಕಲು ಹೋಗಿ ಮೇ 6 ಮಾಡಿಟ್ಟು, ಬ್ಯಾಟರಿ ಬದಲಿಸಿದರೂ ಸರಿಯಾಗಲಿಲ್ಲ ಎಂದು ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲಬೇಡಿ.

ನಾಣ್ಯದಂಥ ಬ್ಯಾಟರಿ

ಬಯಾಸ್‌ನಲ್ಲೇ ತಪ್ಪಿದ್ದರೆ ಬಹುಮಟ್ಟಿಗೆ ಸಿಆರ್2032 ಎಂಬ ನಾಣ್ಯದಾಕಾರದ ಲಿಥಿಯಂ ಸೆಲ್ ಸತ್ತಿದೆ. ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, ಹೆಸರಿನ ಅಂಕಿಗಳು ಹೇಳುವುದೂ ಅದನ್ನೇ. ಹೊಸದಾಗಿದ್ದಾಗ 3 ವೋಲ್ಟ್‌ಗಿಂತ ತುಸು ಹೆಚ್ಚು, ಸಾಮರ್ಥ್ಯ ಸುಮಾರು 220 ಮಿಲಿಆಂಪ್ ಅವರ್. ಗಡಿಯಾರದ ಚಿಪ್ಪು 5 ಮೈಕ್ರೋಆಂಪ್ ಎಳೆಯುತ್ತದೆ ಎಂದಿಟ್ಟುಕೊಂಡರೆ 44,000 ಗಂಟೆ, ಅಂದರೆ ಐದು ವರ್ಷ ಆಯಿತು.

ಐದು ವರ್ಷದ ಈ ಲೆಕ್ಕ ಯಂತ್ರಕ್ಕೆ ಕರೆಂಟೇ ಇಲ್ಲದಾಗಿನದು. ಡೆಸ್ಕ್‌ಟಾಪನ್ನು ಶಟ್‌ಡೌನ್ ಮಾಡಿದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಅದರ ಪವರ್ ಸಪ್ಲೈ ಒಂದು ಸಣ್ಣ ಧಾರೆಯನ್ನು ಬೋರ್ಡಿಗೆ ಹರಿಸುತ್ತಲೇ ಇರುತ್ತದೆ, ಆರ್‌ಟಿಸಿ ಅದರ ಮೇಲೆಯೇ ಬದುಕುತ್ತದೆ, ಸೆಲ್ಲಿಗೆ ರಜೆ. ನಮ್ಮ ಕಡೆ ಪ್ರತಿ ಪ್ಲಗ್ ಪಾಯಿಂಟಿಗೂ ಸ್ವಿಚ್ ಇದೆ, ಮಲಗುವ ಮುನ್ನ ಎಲ್ಲ ಆಫ್ ಮಾಡುವ ರೂಢಿಯೂ ಇದೆ. ಕರೆಂಟ್ ಹೋಗುವುದು ಇದ್ದದ್ದೇ. ಹಾಗಾಗಿ ನಮ್ಮ ಸೆಲ್ಲುಗಳಿಗೆ ರಾತ್ರಿಪಾಳಿ ತಪ್ಪುವುದಿಲ್ಲ. ಶಾಲೆಯ ಕಂಪ್ಯೂಟರ್ ಲ್ಯಾಬ್ ನೆನೆಯಿರಿ. ಪರೀಕ್ಷೆ ಮುಗಿಸಿ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿದರೆ ಬೇಸಿಗೆ ರಜೆ ಕಳೆದು ಬಾಗಿಲು ತೆರೆಯುವ ಹೊತ್ತಿಗೆ ಹಳೆಯ ಯಂತ್ರಗಳು ಸಾಲಾಗಿ ಕಪ್ಪು ಪರದೆ ಮೇಲೆ ಸಿಮಾಸ್ ಚೆಕ್‌ಸಮ್ ತಪ್ಪಿದೆ, ಎಫ್1 ಒತ್ತಿ ಎನ್ನುತ್ತ ನಿಂತಿರುತ್ತವೆ. ಎಲ್ಲಕ್ಕೂ ವೈರಸ್ ಹತ್ತಿದೆ ಎಂದು ಫಾರ್ಮ್ಯಾಟ್ ಮಾಡಿಸಲು ಹೊರಡುವ ಮುನ್ನ ಒಂದು ಸೆಲ್ ಬದಲಿಸಿ ನೋಡುವುದು ಅಗ್ಗ.

ಇದರಲ್ಲೇ ಒಂದು ಖರ್ಚಿಲ್ಲದ ಪರೀಕ್ಷೆಯೂ ಇದೆ. ಒಂದು ರಾತ್ರಿ ಶಟ್‌ಡೌನ್ ಮಾಡಿ ಗೋಡೆಯ ಸ್ವಿಚ್ ಆನ್ ಬಿಡಿ. ಮರುರಾತ್ರಿ ಸ್ವಿಚ್ಚೂ ಆಫ್ ಮಾಡಿ. ಮೊದಲ ಬೆಳಿಗ್ಗೆ ಬಯಾಸ್ ಸಮಯ ಸರಿಯಿದ್ದು ಎರಡನೆಯ ಬೆಳಿಗ್ಗೆ ತಪ್ಪಿದ್ದರೆ ಮಲ್ಟಿಮೀಟರ್ ಹುಡುಕುವ ಅಗತ್ಯವೇ ಇಲ್ಲ. ಇದ್ದರೆ ಒಳ್ಳೆಯದೇ. ಡಿಸಿ 20 ವೋಲ್ಟ್‌ಗೆ ಇಟ್ಟು ಅಳೆದಾಗ 3ರ ಆಸುಪಾಸು ತೋರಿಸಿದರೆ ಸೆಲ್ ಬದುಕಿದೆ, 2.7ಕ್ಕಿಂತ ಕೆಳಗಿದ್ದರೆ ಬದಲಿಸಿ.

ಸತ್ತ ಸೆಲ್ಲಿನ ಯಂತ್ರ ಯಾವ ವರ್ಷಕ್ಕೆ ಹೋಗಿ ಕೂರುತ್ತದೆ ಎಂಬುದು ಬೋರ್ಡಿನ ಮೇಲಿದೆ. ಕೆಲವು 1980ಕ್ಕೆ ಹೋಗುತ್ತವೆ, ಡಾಸ್‌ನ ಕಾಲಗಣನೆ ಶುರುವಾಗುವುದೇ ಆ ವರ್ಷದ ಜನವರಿ 1ರಿಂದ. ಕೆಲವು 2000ಕ್ಕೆ, ಹಲವು ಆ ಬೋರ್ಡಿನ ಬಯಾಸ್ ತಯಾರಾದ ಕಾಲಕ್ಕೆ. ಲಿನಕ್ಸ್ ಇದ್ದರೆ ಸ್ವಲ್ಪ ಗೊಂದಲವಾಗಬಹುದು. ಇವತ್ತಿನ ಹೆಚ್ಚಿನ ಲಿನಕ್ಸ್‌ಗಳಲ್ಲಿರುವ ಸಿಸ್ಟಮ್‌ಡಿ, ತಾನು ತಯಾರಾದ ದಿನಕ್ಕಿಂತ ಹಿಂದಿನ ದಿನಾಂಕವನ್ನು ನಂಬುವುದಿಲ್ಲ. ಗಡಿಯಾರವನ್ನು ತನ್ನ ಹುಟ್ಟಿದ ದಿನಕ್ಕಾದರೂ ತಂದು ನಿಲ್ಲಿಸುತ್ತದೆ. ಆದ್ದರಿಂದ ಲಿನಕ್ಸ್ ಪರದೆಯಲ್ಲಿ ಕೆಲವು ತಿಂಗಳ ಹಿಂದಿನ ದಿನಾಂಕ ಕಂಡರೂ ಕಾರಣ ಇದೇ ಸೆಲ್ ಇರಬಹುದು. ಬಯಾಸ್ ನೋಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಬದಲಿಸುವುದಕ್ಕೆ ಮೊದಲು ಎರಡು ಕೆಲಸ. ಬಯಾಸ್‌ನ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಸೆಲ್ ತೆಗೆದಾಗ ಬಹಳಷ್ಟು ಬೋರ್ಡುಗಳಲ್ಲಿ ಸೆಟ್ಟಿಂಗ್ ಎಲ್ಲ ಮೊದಲಿನಂತಾಗುತ್ತದೆ. ಹಾರ್ಡ್ ಡಿಸ್ಕಿನ ವಿಧಾನ ಎಎಚ್‌ಸಿಐ ಇದ್ದದ್ದು ರೈಡ್ ಆಗಿಯೋ, ರೈಡ್ ಇದ್ದದ್ದು ಎಎಚ್‌ಸಿಐ ಆಗಿಯೋ ಬದಲಾದರೆ ವಿಂಡೋಸ್ ನೀಲಿ ಪರದೆ ತೋರಿಸಿ ಬೀಳುತ್ತದೆ. ಎರಡನೆಯದು, ಡಿಸ್ಕಿಗೆ ಬಿಟ್‌ಲಾಕರ್ ಹಾಕಿದ್ದರೆ ಅದರ 48 ಅಂಕಿಯ ರಿಕವರಿ ಕೀ ಕೈಯಲ್ಲಿರಲಿ. ಬಯಾಸ್ ಬದಲಾದದ್ದು ಕಂಡರೆ ಅದು ಕೀ ಕೇಳುವ ಸಾಧ್ಯತೆ ಇದೆ. ಕೀ ಇಲ್ಲದಿದ್ದರೆ ಕಡತಗಳೆಲ್ಲ ಒಳಗೇ.

ಆಮೇಲೆ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ಪಕ್ಕದ ತಗಡು ಬಿಚ್ಚಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಇಳಿಸಿಕೊಳ್ಳಿ. ಬೆಳ್ಳಿ ಬಣ್ಣದ ಸೆಲ್ ತಾನಾಗಿಯೇ ಕಣ್ಣಿಗೆ ಬೀಳುತ್ತದೆ, ಕೆಲವು ಬೋರ್ಡುಗಳಲ್ಲಿ ಮಾತ್ರ ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಅಡಗಿರುತ್ತದೆ. ಅದರ ಅಂಚಿನಲ್ಲಿ ಒಂದು ಪುಟ್ಟ ಲೋಹದ ನಾಲಗೆ ಇದೆ. ಅದನ್ನು ಉಗುರಿನಿಂದ ಹೊರಕ್ಕೆ ತಳ್ಳಿದರೆ ಸೆಲ್ ತಾನೇ ಮೇಲೆ ಏಳುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ನಾಲಗೆ ಮುರಿಯುವುದು ಖಚಿತ, ಪಕ್ಕದ ಸರ್ಕ್ಯೂಟು ಗೀಚಿಹೋಗುವುದೂ ಉಂಟು. ಪ್ಲಸ್ ಗುರುತು ಸಾಮಾನ್ಯವಾಗಿ ಮೇಲ್ಮುಖ. ಹಳೆಯದು ಹೇಗಿತ್ತೋ ಹೊಸದೂ ಹಾಗೇ. ಹೊಸದನ್ನು ಬರಿಗೈಯಲ್ಲಿ ಎರಡೂ ಮುಖ ಒತ್ತಿ ಹಿಡಿಯದೆ ಅಂಚು ಹಿಡಿದು ಕೂರಿಸಿ.

ಸೆಲ್ಲನ್ನು ಕೈಗಡಿಯಾರ ರಿಪೇರಿ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಂತೂ ಬೇಕಾದಷ್ಟು. ಸಿಆರ್2025 ಕೊಟ್ಟು ಇದೂ ನಡೆಯುತ್ತದೆ ಎಂದರೆ ಒಪ್ಪಬೇಡಿ. ವ್ಯಾಸ ಒಂದೇ ಆದರೂ ದಪ್ಪ 2.5 ಮಿಲಿಮೀಟರ್, ಹಿಡಿಕೆಯಲ್ಲಿ ಸಡಿಲವಾಗುತ್ತದೆ. ಎಲ್‌ಐಆರ್2032 ಎಂದು ಬರೆದದ್ದು ರೀಚಾರ್ಜ್ ಮಾಡುವ ಜಾತಿ, ಪೂರ್ತಿ ತುಂಬಿದಾಗ 4 ವೋಲ್ಟ್ ದಾಟುತ್ತದೆ, ಅದೂ ಬೇಡ. ತೆಗೆದ ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಟ್ಟು ಏಳಬೇಡಿ. ಮಕ್ಕಳು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಒಳಗೆ ಸುಟ್ಟು ಗಾಯವಾಗಬಹುದು. ಗಡಿಯಾರಕ್ಕೆ ಸಾಲದಷ್ಟು ಸವಕಲಾದ ಸೆಲ್ಲಿನಲ್ಲೂ ಅಷ್ಟು ಶಕ್ತಿ ಇರುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ. ಸೆಲ್ಲಿಗೆ ಎರಡೂ ಕಡೆ ಅಂಟುಪಟ್ಟಿ ಸುತ್ತಿ ಇ-ತ್ಯಾಜ್ಯದ ಡಬ್ಬಕ್ಕೆ ಹಾಕಿ.

ಲ್ಯಾಪ್‌ಟಾಪಿನ ಕತೆ ಬೇರೆ. ಕೆಲವದರಲ್ಲಿ ಇದೇ ಸೆಲ್ಲಿಗೆ ಎರಡು ತಂತಿ ಬೆಸೆದು ಪ್ಲಾಸ್ಟಿಕ್ ಸುತ್ತಿ ಒಳಗೆ ಅಂಟಿಸಿರುತ್ತಾರೆ, ಇನ್ನು ಕೆಲವದರಲ್ಲಿ ಪ್ರತ್ಯೇಕ ಸೆಲ್ಲೇ ಇಲ್ಲ, ದೊಡ್ಡ ಬ್ಯಾಟರಿಯೇ ಗಡಿಯಾರವನ್ನೂ ಸಾಕುತ್ತದೆ. ದೊಡ್ಡ ಬ್ಯಾಟರಿ ಕೆಟ್ಟು, ಚಾರ್ಜರ್ ಸಿಕ್ಕಿಸಿಯೇ ಓಡಿಸುವ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಈ ತೊಂದರೆ ಎದ್ದು ಕಾಣುವುದು ಅದಕ್ಕೆ. ಬಿಚ್ಚಿ ಅಭ್ಯಾಸವಿಲ್ಲದಿದ್ದರೆ ಸರ್ವಿಸ್‌ನವರಿಗೆ ಕೊಡುವುದೇ ಲೇಸು.

ಐದೂವರೆ ಗಂಟೆಯ ಒಗಟು

ಇಂಜಿನಿಯರಿಂಗ್ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಹೆಚ್ಚು ಕೇಳಿಬರುವ ದೂರು ಇದು. ವಿಂಡೋಸ್ ಜೊತೆಗೆ ಉಬುಂಟು ಹಾಕಿಕೊಂಡಿರುತ್ತಾರೆ. ಉಬುಂಟುವಿನಲ್ಲಿ ಕೆಲಸ ಮುಗಿಸಿ ವಿಂಡೋಸ್‌ಗೆ ಬಂದರೆ ಬೆಳಿಗ್ಗೆ 9:10ಕ್ಕೆ ಗಡಿಯಾರ 3:40 ಎನ್ನುತ್ತದೆ. ಬ್ಯಾಟರಿ ಬದಲಿಸುತ್ತಾರೆ, ಫಲವಿಲ್ಲ.

ಇಲ್ಲಿ ಕೆಟ್ಟಿರುವ ವಸ್ತು ಒಂದೂ ಇಲ್ಲ. ಆರ್‌ಟಿಸಿಗೆ ಗಂಟೆ, ನಿಮಿಷ ಗೊತ್ತು; ಅದು ಯಾವ ದೇಶದ ಗಂಟೆ ಎಂದು ಬರೆದಿಡುವ ವ್ಯವಸ್ಥೆ ಅದರಲ್ಲಿಲ್ಲ. ಡಾಸ್ ಕಾಲದ ಪದ್ಧತಿಯನ್ನೇ ಹಿಡಿದ ವಿಂಡೋಸ್, ಅಲ್ಲಿರುವುದು ಸ್ಥಳೀಯ ಸಮಯ ಎಂದುಕೊಳ್ಳುತ್ತದೆ. ಯುನಿಕ್ಸ್ ಮನೆತನದ ಲಿನಕ್ಸ್, ಅಲ್ಲಿರುವುದು ಜಾಗತಿಕ ಸಮಯವಾದ ಯುಟಿಸಿ ಎಂದುಕೊಳ್ಳುತ್ತದೆ. ಭಾರತದ ಸಮಯ ಪೂರ್ವ ರೇಖಾಂಶ 82.5 ಡಿಗ್ರಿಯದು, ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಇಂಟರ್ನೆಟ್ ಸಮಯದ ಜೊತೆ ತಾಳೆಯಾದ ಲಿನಕ್ಸ್ 11 ನಿಮಿಷಕ್ಕೊಮ್ಮೆ ಆರ್‌ಟಿಸಿಯನ್ನೂ ಸದ್ದಿಲ್ಲದೆ ತಿದ್ದುತ್ತದೆ, ಅಲ್ಲಿ ಯುಟಿಸಿ ಬರೆಯುತ್ತದೆ. ವಿಂಡೋಸ್ ಬಂದು ಅದನ್ನೇ ನಮ್ಮೂರ ಗಂಟೆ ಎಂದು ಓದುತ್ತದೆ. ಆಮೇಲೆ ವಿಂಡೋಸ್ ತನ್ನ ಲೆಕ್ಕದಲ್ಲಿ ತಿದ್ದಿಟ್ಟರೆ, ಮುಂದಿನ ಸಲ ಲಿನಕ್ಸ್ ಎದ್ದಾಗ ಐದೂವರೆ ಗಂಟೆ ಮುಂದೆ, 14:40 ಎನ್ನುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರು ಒಂದೇ ಕ್ಯಾಲೆಂಡರಿನ ಮೇಲೆ ಬೇರೆಬೇರೆ ಲಿಪಿಯಲ್ಲಿ ಹಾಲಿನ ಲೆಕ್ಕ ಬರೆದಂತೆ.

ಇಬ್ಬರಲ್ಲಿ ಒಬ್ಬರನ್ನು ಒಪ್ಪಿಸಬೇಕು. ಲಿನಕ್ಸನ್ನು ಒಪ್ಪಿಸುವುದು ಸುಲಭ. ಟರ್ಮಿನಲ್ ತೆರೆದು ಸುಡೊ ಜೊತೆ ಟೈಮ್‌ಡೇಟ್‌ಸಿಟಿಎಲ್ ಎಂಬ ಆದೇಶ, ಅದರ ಮುಂದೆ ಸೆಟ್-ಲೋಕಲ್-ಆರ್‌ಟಿಸಿ, ಅದರ ಮುಂದೆ 1 ಎಂಬ ಅಂಕಿ ಕೊಟ್ಟರಾಯಿತು. ಆದೇಶವೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಾಲ್ಕು ಭಾಗಗಳ ನಡುವೆ ಒಂದೊಂದು ಖಾಲಿ ಜಾಗ. ಹೀಗೆ ಮಾಡಿದ ಮೇಲೆ ಟೈಮ್‌ಡೇಟ್‌ಸಿಟಿಎಲ್ ಒಂದನ್ನೇ ಟೈಪ್ ಮಾಡಿ ನೋಡಿದರೆ, ಆರ್‌ಟಿಸಿ ಸ್ಥಳೀಯ ಸಮಯದಲ್ಲಿದೆ, ಇದು ಒಳ್ಳೆಯ ಕ್ರಮವಲ್ಲ ಎಂದು ಲಿನಕ್ಸ್ ಗೊಣಗುತ್ತದೆ. ಅದರ ಮುಖ್ಯ ತಕರಾರು ಬೇಸಿಗೆ ಸಮಯದ ಕುರಿತು. ವರ್ಷಕ್ಕೆ ಎರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ಎರಡೂ ವ್ಯವಸ್ಥೆಗಳು ತಾವು ತಾವೇ ತಿದ್ದಿ, ಒಂದರ ಬದಲು ಎರಡು ಗಂಟೆ ಸರಿದುಬಿಡಬಹುದು. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗರು ಈ ದಾರಿ ಹಿಡಿಯಬಾರದು. ಭಾರತದಲ್ಲಿ ಈಗ ಬೇಸಿಗೆ ಸಮಯ ಇಲ್ಲ. ನಮ್ಮ ಮಟ್ಟಿಗೆ ಆ ಗೊಣಗಾಟವನ್ನು ಕೇಳಿಸಿಕೊಂಡು ಸುಮ್ಮನಿರಬಹುದು ಎಂಬುದು ನನ್ನ ಅಭಿಪ್ರಾಯ, ಶುದ್ಧಾಚಾರದ ಲಿನಕ್ಸಿಗರು ಒಪ್ಪಲಿಕ್ಕಿಲ್ಲ.

ವಿಂಡೋಸನ್ನೇ ಯುಟಿಸಿಗೆ ಒಪ್ಪಿಸಬೇಕೆಂದರೆ ರಿಜಿಸ್ಟ್ರಿಗೆ ಕೈ ಹಾಕಬೇಕು. ರೆಜ್‌ಎಡಿಟ್ ತೆರೆದು ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಟೈಮ್ ಝೋನ್ ಇನ್ಫರ್ಮೇಷನ್ ಹೀಗೆ ಒಂದರೊಳಗೊಂದು ಇಳಿದು, ಅಲ್ಲಿ ರಿಯಲ್‌ಟೈಮ್‌ಈಸ್‌ಯುನಿವರ್ಸಲ್ ಎಂಬ ಹೆಸರಿನ ಡಿವರ್ಡ್ ಮೌಲ್ಯ ಸೃಷ್ಟಿಸಿ 1 ಎಂದು ಕೊಡಬೇಕು. ಹೆಸರಿನಲ್ಲಿ ಖಾಲಿ ಜಾಗ ಇರಬಾರದು. ಎರಡೂ ಕಡೆ ಒಟ್ಟಿಗೆ ಮಾಡಿದರೆ ಮತ್ತೆ ಐದೂವರೆ ಗಂಟೆ, ಈ ಸಲ ತಿರುಗಿ ಇನ್ನೊಂದು ಕಡೆಗೆ.

ಯಂತ್ರ ಯಾವ ಊರಿನಲ್ಲಿದೆ?

ಒಂದೇ ಓಎಸ್ ಇದ್ದೂ ವ್ಯತ್ಯಾಸ ಗಂಟೆ ಅಥವಾ ಅರ್ಧ ಗಂಟೆಯ ಲೆಕ್ಕಕ್ಕೆ ಸರಿಯಾಗಿ ಕೂತರೆ ಟೈಮ್ ಝೋನ್ ನೋಡಿ. ಅಮೆರಿಕದ ಪೆಸಿಫಿಕ್ ಸಮಯ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಮಗ ಅಲ್ಲಿಂದ ತಂದುಕೊಟ್ಟ ಲ್ಯಾಪ್‌ಟಾಪ್ ಮೈಸೂರಿನ ಮನೆಯಲ್ಲಿ ಕೂತು ಹೀಗೆ ವರ್ತಿಸಿದರೆ ಆಶ್ಚರ್ಯವಿಲ್ಲ. ದುಬೈಯಿಂದ ಬಂದದ್ದು ಒಂದೂವರೆ ಗಂಟೆ, ಕುವೈತ್, ಕತಾರ್, ಸೌದಿಯಿಂದ ಬಂದದ್ದು ಎರಡೂವರೆ ಗಂಟೆ ಹಿಂದಿರುತ್ತದೆ, ಸಿಂಗಾಪುರದ್ದು ಎರಡೂವರೆ ಗಂಟೆ ಮುಂದೆ. ಲಿನಕ್ಸ್ ಇಲ್ಲದೆಯೂ ಐದೂವರೆ ಗಂಟೆ ಹಿಂದಿದ್ದರೆ ಝೋನ್ ಯುಟಿಸಿ ಅಥವಾ ಲಂಡನ್ ಆಗಿರಬಹುದು.

ಇಲ್ಲಿ ಜನ ಎಡವುವುದು ಹೀಗೆ: ಝೋನ್ ಹಾಗೆಯೇ ಬಿಟ್ಟು ಗಂಟೆಯನ್ನು ಮಾತ್ರ ತಿದ್ದುತ್ತಾರೆ. ಇಂಟರ್ನೆಟ್ ಸರ್ವರು ಕಳಿಸುವುದು ಯುಟಿಸಿ ಒಂದನ್ನೇ, ನಮ್ಮೂರ ಗಂಟೆ ಮಾಡಿಕೊಳ್ಳುವುದು ಯಂತ್ರದ ಜವಾಬ್ದಾರಿ. ಮುಂದಿನ ತಾಳೆ ಆದೊಡನೆ ನೀವು ತಿದ್ದಿದ್ದೆಲ್ಲ ಅಳಿಸಿ ಮತ್ತೆ ಕ್ಯಾಲಿಫೋರ್ನಿಯಾ. ತಾಳೆ ಆಗದಿದ್ದರೆ ಇನ್ನೂ ಕಷ್ಟ. ಮೂಲೆಯಲ್ಲಿ ಸರಿಯಾಗಿ ಕಂಡರೂ ಒಳಗಿನ ಯುಟಿಸಿ ಅರ್ಧ ದಿನ ತಪ್ಪಿರುತ್ತದೆ, ಕಳಿಸಿದ ಇಮೇಲ್ ಮೇಲೆ ನಾಳೆಯ ಸಮಯ ಬೀಳಬಹುದು.

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್, ಅದರೊಳಗೆ ಡೇಟ್ ಅಂಡ್ ಟೈಮ್‌ಗೆ ಹೋಗಿ. ಪಟ್ಟಿಯಲ್ಲಿ ಬೆಂಗಳೂರು ಹುಡುಕಬೇಡಿ, ಇಲ್ಲ. ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಎಂಬ ಸಾಲನ್ನು ಆರಿಸಿ. ಅದರ ಕೆಳಗೇ ಶ್ರೀಲಂಕಾದ ಶ್ರೀ ಜಯವರ್ಧನೆಪುರವೂ ಐದೂವರೆಯದೇ. ಅದನ್ನು ಆರಿಸಿದರೂ ಇವತ್ತಿಗೆ ಗಡಿಯಾರ ಸರಿ ತೋರಿಸುತ್ತದೆ, ಆದರೂ ಬೇಡ. ಲಿನಕ್ಸ್‌ನಲ್ಲಿ ಏಷ್ಯಾ/ಕೋಲ್ಕತಾ. ಝೋನನ್ನು ತಾನಾಗಿ ಹೊಂದಿಸುವ ಗುಂಡಿ ಸ್ಥಳದ ಅಂದಾಜನ್ನು ನಂಬುತ್ತದೆ. ಆಫೀಸಿನ ವಿಪಿಎನ್ ಬೇರೆ ದೇಶದ್ದಾದರೆ ಆ ಅಂದಾಜು ದಾರಿ ತಪ್ಪಬಹುದು. ಊರು ಬಿಟ್ಟು ಹೋಗದ ಡೆಸ್ಕ್‌ಟಾಪಿಗೆ ಆ ಗುಂಡಿ ಯಾಕೆ ಬೇಕು? ಆಫ್ ಇರಲಿ.

ತಾಳೆ ಯಾಕೆ ಆಗುತ್ತಿಲ್ಲ?

ಆರ್‌ಟಿಸಿಯ ಸ್ಫಟಿಕ ಅಗ್ಗದ್ದು. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ತಪ್ಪಿದರೆ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ ಹತ್ತಿರಹತ್ತಿರ ಒಂದು ನಿಮಿಷ. 25 ಡಿಗ್ರಿಯ ಹತ್ತಿರ ಅದು ಸರಿಯಾಗಿ ನಡೆಯುತ್ತದೆ, ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ. ಕಲಬುರಗಿಯ ಮೇ ತಿಂಗಳಿನಲ್ಲಿ 45 ಡಿಗ್ರಿಯ ಕೋಣೆಯಲ್ಲಿ ಸುಮ್ಮನೆ ಬಿದ್ದಿರುವ ಯಂತ್ರ ಬರೀ ಶಾಖಕ್ಕೇ ದಿನಕ್ಕೆ ಒಂದು ಸೆಕೆಂಡಿಗೂ ಹೆಚ್ಚು ಹಿಂದೆ ಬೀಳಬಲ್ಲದು. ಈ ಸಣ್ಣಪುಟ್ಟ ತಪ್ಪನ್ನು ಸರಿಪಡಿಸಲೆಂದೇ ಎನ್‌ಟಿಪಿ ಎಂಬ ವ್ಯವಸ್ಥೆ ಇದೆ. ಡೆಲವೇರ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಮಿಲ್ಸ್ ರೂಪಿಸಿದ್ದು, 1985ರಿಂದ ನಡೆದುಬಂದಿದೆ.

ವಿಂಡೋಸ್‌ನಲ್ಲಿ ಅದೇ ಪುಟದಲ್ಲಿ ಸಿಂಕ್ ನೌ ಗುಂಡಿ ಒತ್ತಿ. ಆಗದಿದ್ದರೆ ಸರ್ವಿಸಸ್ ಪಟ್ಟಿಯಲ್ಲಿ ವಿಂಡೋಸ್ ಟೈಮ್ ನಡೆಯುತ್ತಿದೆಯೇ ನೋಡಿ. ಯಂತ್ರ ಚುರುಕಾಗಿಸುತ್ತೇವೆ ಎನ್ನುವ ಕೆಲವು ತಂತ್ರಾಂಶಗಳು ಅದನ್ನು ನಿಲ್ಲಿಸಿರುತ್ತವೆ. ಕಾಲೇಜು, ಕಚೇರಿಗಳ ಫೈರ್‌ವಾಲ್ ಯುಡಿಪಿ 123ನೇ ಪೋರ್ಟನ್ನು ಮುಚ್ಚಿದ್ದರೂ ತಾಳೆ ಆಗದು. ಮೈಕ್ರೋಸಾಫ್ಟಿನ ಸರ್ವರ್ ಸಿಗದಿದ್ದರೆ ನಮ್ಮದೇ ಇವೆ. ಭಾರತದ ಅಧಿಕೃತ ಸಮಯ ಕಾಯುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು ಟೈಮ್.ಎನ್‌ಪಿಎಲ್‌ಇಂಡಿಯಾ.ಆರ್ಗ್, ಎನ್‌ಐಸಿಯದ್ದು ಸಮಯ್1.ಎನ್‌ಐಸಿ.ಇನ್, ಟೈಪಿಸುವುದು ಇಂಗ್ಲಿಷ್ ಅಕ್ಷರದಲ್ಲಿ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ ಸಂಸ್ಥೆಗಳಿಗೆ ಹೇಳಿದ್ದು ಈ ಸರ್ವರ್‌ಗಳಿಗೆ, ಅಥವಾ ಇವುಗಳಿಗೆ ತಾಳೆಯಾದ ಸರ್ವರ್‌ಗಳಿಗೆ, ಗಡಿಯಾರ ಹೊಂದಿಸಿಕೊಳ್ಳಿ ಎಂದೇ.

ಬಹಳ ಜನರಿಗೆ ಗೊತ್ತಿಲ್ಲದ ಒಂದು ಮಿತಿ ಇದೆ. ಮನೆಯ ವಿಂಡೋಸ್ ಯಂತ್ರ 15 ಗಂಟೆಗಿಂತ ಹೆಚ್ಚು ತಪ್ಪನ್ನು ತಾನಾಗಿ ತಿದ್ದಿಕೊಳ್ಳುವುದಿಲ್ಲ, ಬದಲಾವಣೆ ತೀರಾ ದೊಡ್ಡದಾಯಿತು ಎಂದು ಬಿಟ್ಟುಬಿಡುತ್ತದೆ. ಕಳ್ಳ ಸರ್ವರೊಂದು ಗಡಿಯಾರವನ್ನು ಎಲ್ಲಿಗೋ ಎಳೆದೊಯ್ಯದಿರಲಿ ಎಂಬ ಮುಂಜಾಗ್ರತೆ ಅದು. ಹಾಗಾಗಿ ಸೆಲ್ ಸತ್ತು 2009ಕ್ಕೆ ಹೋದ ಯಂತ್ರದಲ್ಲಿ ಸಿಂಕ್ ನೌ ಎಷ್ಟು ಒತ್ತಿದರೂ ವ್ಯರ್ಥವಾಗಬಹುದು. ಮೊದಲು ಕೈಯಲ್ಲೇ ಇವತ್ತಿನ ದಿನಾಂಕ, ಸುಮಾರಾದ ಗಂಟೆ ಹಾಕಿ, ಆಮೇಲೆ ಒತ್ತಿ.

ಕಚೇರಿಯ ಡೊಮೇನ್‌ಗೆ ಸೇರಿದ ಯಂತ್ರವಾದರೆ ನೀವು ತಿದ್ದಲು ಹೋಗಬೇಡಿ, ಸಿಸ್ಟಮ್ ಅಡ್ಮಿನ್‌ಗೆ ಹೇಳಿ. ಅಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ತಪ್ಪಿದರೆ ಲಾಗಿನ್ನೇ ಆಗದಿರಬಹುದು. ಎಲ್ಲರ ಯಂತ್ರವೂ ಒಂದೇ ಅಳತೆಯಲ್ಲಿ ತಪ್ಪಿದ್ದರೆ ತಪ್ಪು ಸರ್ವರಿನದು. ರಾಸ್ಪ್‌ಬೆರಿ ಪೈ ಬಳಸುವವರಿಗೆ ಒಂದು ಮಾತು: 4ನೇ ಮಾದರಿಯವರೆಗೆ ಅದರಲ್ಲಿ ಆರ್‌ಟಿಸಿಯೇ ಇಲ್ಲ. ಆನ್ ಮಾಡಿದಾಗ ಕಳೆದ ಸಲ ಆಫ್ ಮಾಡಿದ ಹೊತ್ತನ್ನು ತೋರಿಸಿದರೆ ಅದು ಕೆಟ್ಟಿಲ್ಲ, ಇರುವುದೇ ಹಾಗೆ. 2023ರ ಪೈ 5ರಲ್ಲಿ ಗಡಿಯಾರ ಬಂತು, ಬ್ಯಾಟರಿ ಮಾತ್ರ ಬೇರೆಯಾಗಿ ಕೊಳ್ಳಬೇಕು. ಅಂಗಡಿಯ ಸಿಸಿಟಿವಿ ಡಿವಿಆರ್ ಒಳಗೂ ಇಂಥದೇ ಸೆಲ್ ಇರುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಅದರ ಮೂಲೆಯ ದಿನಾಂಕವನ್ನು ಯಾರೂ ನೋಡುವುದಿಲ್ಲ, ಕಳ್ಳತನವಾದ ದಿನವೇ ಗೊತ್ತಾಗುವುದು.

ಹೊಸ ಸೆಲ್ ಹಾಕಿ, ಬಯಾಸ್‌ನಲ್ಲಿ ದಿನಾಂಕ ಕೊಟ್ಟು, ಒಂದು ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡಿದ ಮೇಲೂ ಬೆಳಿಗ್ಗೆ ಮತ್ತೆ ತಪ್ಪಿದ್ದರೆ? ಸೆಲ್ ಕೂತಿರುವ ಹಿಡಿಕೆಯ ಲೋಹ ಬಾಗಿದೆಯೇ, ಪಾಚಿಗಟ್ಟಿದೆಯೇ ನೋಡಿ. ಬಯಾಸ್ ಸೆಟ್ಟಿಂಗ್ ಅಳಿಸುವ ಕ್ಲಿಯರ್ ಸಿಮಾಸ್ ಎಂಬ ಜಂಪರ್ ತಪ್ಪು ಕಡ್ಡಿಗಳ ಮೇಲೆ ಉಳಿದಿದೆಯೇ ನೋಡಿ. ಇನ್ನೊಂದು ಅಂಗಡಿಯ ಇನ್ನೊಂದು ಸೆಲ್ ಹಾಕಿ ನೋಡಿ, ಎಷ್ಟೋ ಕಾಲ ಕಪಾಟಿನಲ್ಲಿ ಕೊಳೆತ ಸರಕು ಮಾರುವವರಿದ್ದಾರೆ. ಇದ್ಯಾವುದೂ ಅಲ್ಲದಿದ್ದರೆ ಬೋರ್ಡಿನ ಗಡಿಯಾರವೇ ಕೆಟ್ಟಿದೆ, ಅದೊಂದಕ್ಕಾಗಿ ಬೋರ್ಡ್ ಬದಲಿಸುವುದು ದುಂದು. ಟಾಸ್ಕ್ ಶೆಡ್ಯೂಲರಿನಲ್ಲಿ, ಆನ್ ಆದಾಗಲೆಲ್ಲ ಡಬ್ಲ್ಯು32ಟಿಎಂ ಆದೇಶದಿಂದ ತಾಳೆ ಹಾಕುವಂತೆ ಒಂದು ಕೆಲಸ ಹಚ್ಚಿಡಿ, 15 ಗಂಟೆಯ ಮಿತಿಯನ್ನು ರಿಜಿಸ್ಟ್ರಿಯಲ್ಲಿ ಸಡಿಲಿಸಲು ಬಲ್ಲವರ ಸಹಾಯ ಪಡೆಯಿರಿ. ನೆಟ್ ಇರುವ ಕಡೆ ಆ ಯಂತ್ರ ಇನ್ನೂ ಕೆಲವು ವರ್ಷ ದುಡಿಯುತ್ತದೆ. ನೆಟ್ ಇಲ್ಲದ ಶಾಲೆಗೆ ದಾನ ಕೊಡುವುದಾದರೆ ಮಾತ್ರ ಬೇರೆ ಯಂತ್ರ ಆರಿಸಿ.